ಎರಡನೇ ಹೆರಿಗೆ: ಬಂದು ಹೋಗುವ ನೋವಿಗೆ ಯಾವಾಗ ಹೊರಡಬೇಕು?

ಎರಡನೇ ಬಸಿರಿನ 38ನೇ ವಾರದಲ್ಲಿದ್ದೀನಿ, ರಾತ್ರಿ ನೋವು ಬಂದು ಹೋಗುತ್ತಿದೆ, ಆಸ್ಪತ್ರೆ 40 ಕಿಲೋಮೀಟರ್ ದೂರ, ಯಾವಾಗ ಹೊರಡಬೇಕು ಅಂತ ಒಬ್ಬ ತಾಯಿ ಕೇಳಿದ್ದಾರೆ. ಅವರಿಗೆ ನನ್ನ ಉತ್ತರ ಇದು.

38ನೇ ವಾರದಲ್ಲಿ ರಾತ್ರಿ ಹೊಟ್ಟೆ ಗಟ್ಟಿಯಾಗಿ ನೋವು ಬಂದು, ಬೆಳಗಾಗುವಷ್ಟರಲ್ಲಿ ನಿಂತುಹೋಗುತ್ತಿದೆ ಅಂದರೆ ಅದು ಹೆಚ್ಚಾಗಿ ಸುಳ್ಳು ನೋವು. ಎರಡನೇ ಬಸಿರಿನಲ್ಲಿ ಇದು ಜಾಸ್ತಿ ಗೊತ್ತಾಗುತ್ತದೆ. ಆದರೆ ಒಳಪರೀಕ್ಷೆ ಮಾಡದೆ ಖಚಿತವಾಗಿ ಹೇಳಲು ಯಾರಿಗೂ ಆಗುವುದಿಲ್ಲ.

ಇವತ್ತು ನೋವು ಶುರುವಾದರೆ ಮೊದಲು ಮೂತ್ರಕ್ಕೆ ಹೋಗಿ ಬನ್ನಿ. ಎರಡು ಲೋಟ ನೀರು ಕುಡಿದು ಎಡಮಗ್ಗುಲಿಗೆ ಮಲಗಿ. ಕಡಿಮೆಯಾದರೆ ನಿದ್ದೆ ಮಾಡಿ. ಆಗದಿದ್ದರೆ ಗಡಿಯಾರ ನೋಡಿ, ಎಷ್ಟು ನಿಮಿಷಕ್ಕೊಂದು ಬರುತ್ತಿದೆ, ಎಷ್ಟು ಸೆಕೆಂಡ್ ಇರುತ್ತದೆ ಅಂತ ಬರೆದಿಡಿ. ಅಂತರ ಕಡಿಮೆಯಾಗುತ್ತಾ, ನೋವು ಜೋರಾಗುತ್ತಾ ಹೋದರೆ ಅದು ಹೆಚ್ಚಾಗಿ ನಿಜವಾದ ಹೆರಿಗೆ ನೋವು.

ಮೊದಲ ಹೆರಿಗೆಗೆ 16 ಗಂಟೆ ಹಿಡಿಯಿತು, ಈ ಸಲವೂ ಸಮಯ ಇರುತ್ತೆ ಅಂದಿದ್ದೀರಿ. ದಯವಿಟ್ಟು ಹಾಗೆ ಲೆಕ್ಕ ಹಾಕಬೇಡಿ. ನನಗೆ ಮೊದಲನೆಯದು 14 ಗಂಟೆ, ಎರಡನೆಯದು ನಾಲ್ಕೇ ಗಂಟೆ. ಆಸ್ಪತ್ರೆ 40 ಕಿಲೋಮೀಟರ್ ದೂರ ಅಲ್ವಾ, 5 ನಿಮಿಷಕ್ಕೊಂದು ಬರಲಿ ಅಂತ ಕಾಯದೆ 10 ನಿಮಿಷಕ್ಕೊಂದು ಬರುವಾಗಲೇ ಹೊರಡಿ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ. ತಾಯಿ ಕಾರ್ಡ್, ಸ್ಕ್ಯಾನ್ ರಿಪೋರ್ಟ್ ಬ್ಯಾಗಿಗೆ ಹಾಕಿಡಿ. ದೊಡ್ಡ ಮಗುವನ್ನು ಯಾರ ಹತ್ತಿರ ಬಿಡುವುದು ಅಂತ ಇವತ್ತೇ ಮಾತಾಡಿಕೊಳ್ಳಿ. ನನಗೆ ಅದಕ್ಕೇ ಮುಕ್ಕಾಲು ಗಂಟೆ ಹೋಯಿತು.

ನೀರು ಅಥವಾ ರಕ್ತ ಹೋದರೆ, ಮಗುವಿನ ಅಲುಗಾಟ ಕಡಿಮೆ ಅನ್ನಿಸಿದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ನೋವಿಗೆ ಕಾಯಲೇಬೇಡಿ. ಮೊದಲನೆಯದು ಸಿಸೇರಿಯನ್ ಆಗಿದ್ದರೂ ಅಷ್ಟೇ, ನೋವು ಶುರುವಾದ ಕೂಡಲೇ ಹೊರಡಿ.