ನೆನಪಿನ ಕೌದಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕೋವಿಡ್‌ನಲ್ಲಿ ತೀರಿಕೊಂಡ ಊರವರ ನೆನಪಿಗೆ ಹೆಂಗಸರೆಲ್ಲ ಸೇರಿ ಕೌದಿ ಹೊಲಿಯಬೇಕೆಂದಿದ್ದೇವೆ. ಅಮೆರಿಕದಲ್ಲಿ ಏಡ್ಸ್‌ನಿಂದ ಸತ್ತವರಿಗಾಗಿ ಹೀಗೆ ಮಾಡಿದ್ದಾರಂತೆ. ಅಳತೆ, ಬಟ್ಟೆ ಹೇಗಿರಬೇಕು?
– ಓದುಗರು, ಗದಗ

ಉತ್ತರ: 1985ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೇಣದಬತ್ತಿ ಮೆರವಣಿಗೆಯಲ್ಲಿ ಜನ ಸತ್ತವರ ಹೆಸರು ಬರೆದ ಹಾಳೆಗಳನ್ನು ಸರ್ಕಾರಿ ಕಟ್ಟಡದ ಗೋಡೆಗೆ ಅಂಟಿಸಿದರು. ಹೋರಾಟಗಾರ ಕ್ಲೀವ್ ಜೋನ್ಸ್‌ಗೆ ಅದು ತೇಪೆ ಕೌದಿಯ ಹಾಗೆ ಕಂಡಿತು. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್‌ನ ನ್ಯಾಷನಲ್ ಮಾಲ್ ಎಂಬ ದೊಡ್ಡ ಬಯಲಿನಲ್ಲಿ, ಸತ್ತವರ ನೆನಪಿಗೆ ಹೊಲಿದ ಕೌದಿಯ 1,920 ತುಂಡುಗಳನ್ನು ಹಾಸಿ ಹೆಸರುಗಳನ್ನು ಓದಿದರು. ಈಗ ಸುಮಾರು 50,000 ತುಂಡುಗಳಿವೆ, ತೂಕ 54 ಟನ್.

ಒಂದು ತುಂಡು 3 ಅಡಿ ಅಗಲ, 6 ಅಡಿ ಉದ್ದ. ಹೆಚ್ಚುಕಡಿಮೆ ಒಂದು ಸಮಾಧಿಯಷ್ಟು. ಎಂಟನ್ನು ಜೋಡಿಸಿದರೆ 12 ಅಡಿ ಚೌಕ. ಈ ಅಳತೆಯಲ್ಲಿ ಯಾರಿಗೂ ರಿಯಾಯಿತಿ ಕೊಡಬೇಡಿ. ಒಬ್ಬರದು ನಾಲ್ಕು ಇಂಚು ಕಡಿಮೆಯಾದರೂ ಇಡೀ ಚೌಕ ಸೊಟ್ಟಗಾಗುತ್ತದೆ. ಅಂಚು ಮಡಚಲು ಸುತ್ತ 3 ಇಂಚು ಬಿಟ್ಟು 42 x 78 ಇಂಚಿಗೆ ಕತ್ತರಿಸಿ.

ತಳಕ್ಕೆ ಪಾಪ್ಲಿನ್ ಅಥವಾ ತೆಳು ಕ್ಯಾನ್ವಾಸ್ ಇರಲಿ. ಹಿಗ್ಗುವ ಬಟ್ಟೆ ತೂಗುಹಾಕಿದಾಗ ಜೋಲುತ್ತದೆ. ತೀರಿಕೊಂಡವರ ಸೀರೆ, ಪಂಚೆಗಳನ್ನು ಮೇಲೆ ಹೊಲಿಯಬಹುದು; ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಿ. ಅಕ್ಷರಗಳನ್ನು ಕತ್ತರಿಸಿ ಹೊಲಿಯಿರಿ. ಅಂಟು ಒಣಗಿ ಸೆಟೆಯುತ್ತದೆ, ನಾಲ್ಕು ಸಲ ಮಡಚಿದರೆ ಅಕ್ಷರ ಉದುರುತ್ತದೆ. ಮನೆಯ ಕೌದಿಯಂತೆ ಒಳಗೆ ಹಳೆ ಬಟ್ಟೆಯ ಪದರ ತುಂಬಬೇಡಿ. ಎಂಟು ತುಂಡು ಸೇರಿದಾಗ ಎತ್ತಲಾಗದು.

ಹಾಸುವುದಕ್ಕೂ ಅಲ್ಲಿ ಒಂದು ಕ್ರಮವಿದೆ. ಬಿಳಿ ಬಟ್ಟೆ ತೊಟ್ಟ ಎಂಟು ಜನ ಸುತ್ತ ನಿಂತು, ತಾವರೆ ಮೊಗ್ಗಿನಂತೆ ಮಡಚಿಟ್ಟ ಚೌಕವನ್ನು ಮಾತಿಲ್ಲದೆ ಪದರ ಪದರವಾಗಿ ಬಿಡಿಸುತ್ತಾರೆ. ಹಿಂದಿನ ದಿನ ಬರಿ ಹೊದಿಕೆ ಹಿಡಿದು ತಾಲೀಮು ಮಾಡಿ. ಇಲ್ಲದಿದ್ದರೆ ಅಲ್ಲೇ "ಆ ಮೂಲೆ ಎಳಿ, ಈ ಮೂಲೆ ಬಿಡು" ಶುರುವಾಗುತ್ತದೆ.

ಪ್ರಶ್ನೆ: ನಮ್ಮ ಬಳಗ ಐದಾರು ದೇಶಗಳಲ್ಲಿದೆ. ಹೆಸರು ಓದುವ ಕಾರ್ಯಕ್ರಮವನ್ನು ವಿಡಿಯೋ ಕರೆಯಲ್ಲಿ ಮಾಡಿದೆವು. ಗಂಟೆಯ ಸದ್ದು ಕೇಳಲಿಲ್ಲ, ಕೊನೆಯ ಭಜನೆ ಗದ್ದಲವಾಯಿತು. ಏಕೆ?
– ಓದುಗರು, ದುಬೈ

ಉತ್ತರ: ಒಟ್ಟಿಗೆ ಹಾಡುವವರ ನಡುವೆ ಸದ್ದು 25–30 ಮಿಲಿಸೆಕೆಂಡಿಗಿಂತ ತಡವಾದರೆ ತಾಳ ಹಿಡಿಯುವುದು ಕಷ್ಟ. ವಿಡಿಯೋ ಕರೆಯಲ್ಲಿ ಅದು ಸಾಮಾನ್ಯವಾಗಿ 100 ದಾಟುತ್ತದೆ. ಒಬ್ಬರಿಗೊಬ್ಬರು ಕಾಯುತ್ತಾ ಲಯ ಎಳೆದಾಡುತ್ತದೆ. ನೆಟ್ ಎಷ್ಟೇ ಚೆನ್ನಾಗಿದ್ದರೂ ಖಂಡಾಂತರ ದೂರವಂತೂ ಕಡಿಮೆಯಾಗದು. ಆದ್ದರಿಂದ ಒಬ್ಬರ ಮೈಕ್ ಮಾತ್ರ ತೆರೆದಿರಲಿ. ಉಳಿದವರು ಮ್ಯೂಟ್‌ನಲ್ಲಿ, ತಮ್ಮ ಮನೆಯಲ್ಲೇ ಬಾಯ್ತುಂಬ ಹಾಡಲಿ.

ಗಂಟೆಯ ಅನುರಣನವನ್ನು ಆ್ಯಪ್ ಹಿನ್ನೆಲೆ ಗದ್ದಲವೆಂದು ತಿಳಿದು ಅಳಿಸುತ್ತದೆ. ಜೂಮ್‌ನಲ್ಲಾದರೆ 'ಒರಿಜಿನಲ್ ಸೌಂಡ್' ಆನ್ ಮಾಡಿ. ಗಂಟೆ ಮೈಕ್‌ನಿಂದ ಒಂದು ಮಾರು ದೂರವಿರಲಿ.

ಹೆಸರು ಓದುವುದಕ್ಕೆ ಮಾತ್ರ ಆನ್‌ಲೈನ್ ಚೆನ್ನಾಗಿ ಒಗ್ಗುತ್ತದೆ, ಅಲ್ಲಿ ಒಬ್ಬರಾದ ಮೇಲೆ ಒಬ್ಬರು ತಾನೇ! ಒಂದು ಹೆಸರಿಗೆ ಮೌನವೂ ಸೇರಿ 5 ಸೆಕೆಂಡು ಹಿಡಿಯಿರಿ. 40 ನಿಮಿಷಕ್ಕೆ 480 ಹೆಸರು. ಅದಕ್ಕಿಂತ ಬೇಗ ಓದಿದರೆ ಶಾಲೆಯ ಹಾಜರಿಯಾಗುತ್ತದೆ. ಒಬ್ಬರಿಗೆ 30 ಹೆಸರು ಸಾಕು. ಪಟ್ಟಿ ಕನ್ನಡದಲ್ಲೇ ಇರಲಿ. ಇಂಗ್ಲಿಷ್ ಲಿಪಿಯಲ್ಲಿ ಕೊಟ್ಟರೆ 'ಕಾಳಮ್ಮ' 'ಕಲಮ್ಮ' ಆಗಿಬಿಡುತ್ತಾರೆ. ಮುಂದಿನವರು ಮೂರು ಹೆಸರು ಇರುವಾಗಲೇ ಮ್ಯೂಟ್ ತೆಗೆಯಲಿ. ನೆಟ್ ಕಡಿದರೆ ಓದಲು ಪ್ರತಿ ಸರದಿಗೂ ಇನ್ನೊಬ್ಬರು ಅದೇ ಪಟ್ಟಿ ಹಿಡಿದಿರಬೇಕು. ಪಟ್ಟಿಯಲ್ಲಿಲ್ಲದ ಹೆಸರುಗಳನ್ನು ಜನ ಚಾಟ್‌ನಲ್ಲಿ ಹಾಕುತ್ತಾರೆ. ಅವನ್ನು ಬರೆದುಕೊಳ್ಳಲೆಂದೇ ಒಬ್ಬರನ್ನು ಕೂರಿಸಿ, ಕೊನೆಗೆ ಓದಿಸಿ.

ಪ್ರಶ್ನೆ: ಮನೆಯವರು ಹೆಸರು ಹಾಕಬೇಡಿ ಎಂದರೆ?
– ಓದುಗರು, ಮೈಸೂರು

ಉತ್ತರ: ಹಾಕಬೇಡಿ. ಏಡ್ಸ್ ಕೌದಿಯಲ್ಲೂ ಬರಿ ಮೊದಲ ಹೆಸರು ಅಥವಾ ಇನಿಷಿಯಲ್ ಇರುವ ತುಂಡುಗಳಿವೆ. ಕೌದಿಗೆ ಒಪ್ಪಿದವರು ಆನ್‌ಲೈನ್ ಫೋಟೊಗೂ ಒಪ್ಪಿದರೆಂದು ತಿಳಿಯಬೇಡಿ; ಎರಡಕ್ಕೂ ಬೇರೆ ಬೇರೆಯಾಗಿ ಕೇಳಿ, ಬರವಣಿಗೆಯಲ್ಲಿ ಪಡೆಯಿರಿ.