ಓದುಗರ ಪ್ರಶ್ನೆ: ಹೊರದೇಶದಲ್ಲಿ ಮೋಲ್ಡ್ ಮಾಡಿಸುವಾಗ

ಪ್ರಶ್ನೆ: ಒಂದು ಸಣ್ಣ ಉಪಕರಣಕ್ಕೆ ಎಬಿಎಸ್ ಪ್ಲಾಸ್ಟಿಕ್ ಕವರ್ ಬೇಕಿತ್ತು. ಅದರ ಇಂಜೆಕ್ಷನ್ ಮೋಲ್ಡ್ (ಕರಗಿದ ಪ್ಲಾಸ್ಟಿಕ್ ತುಂಬಿ ಪಾರ್ಟ್ ತೆಗೆಯುವ ಸ್ಟೀಲ್ ಅಚ್ಚು) ಮಾಡಲು ಹೊರದೇಶದ ಟೂಲ್‌ರೂಮ್‌ಗೆ, ಅಂದರೆ ಅಚ್ಚು ತಯಾರಿಸುವವರಿಗೆ ಕೊಟ್ಟೆವು. ‘ಫಿನಿಶ್ ಚೆನ್ನಾಗಿರಲಿ, ಎದುರುಭಾಗ ನೀಟಾಗಿರಲಿ’ ಅಂತ ಎರಡು ಮೂರು ಸಲ ಮೇಲ್ ಹಾಕಿದೆವು. ಪ್ರತಿ ಸಲವೂ ‘ಆಗಲಿ, ತೊಂದರೆ ಇಲ್ಲ’ ಅಂತ ಉತ್ತರ ಬಂತು. ಈಗ ಮೊದಲ ಸ್ಯಾಂಪಲ್ ಕೈಗೆ ಬಂದಿದೆ. ಹೊಳಪು ಸಾಲದು, ಗೇಟಿನ (ಪ್ಲಾಸ್ಟಿಕ್ ಅಚ್ಚಿನೊಳಗೆ ನುಗ್ಗುವ ಬಾಯಿ) ಗುರುತು ಸರಿಯಾಗಿ ಎದುರಿಗೇ ಇದೆ. ಅವರ ಭಾಷೆ ಬಲ್ಲವರನ್ನು ನೇಮಿಸಿಕೊಳ್ಳಬೇಕಾ?

ಉತ್ತರ: ಭಾಷೆ ಬಲ್ಲವರು ಸಿಕ್ಕರೆ ಒಳ್ಳೆಯದೇ. ಆದರೆ ಇಲ್ಲಿ ಎಡವಟ್ಟಾಗಿರುವುದು ಭಾಷೆಯಿಂದಲ್ಲ. ನಿಮ್ಮ ಮೇಲ್ ಓದುವವರು ಸೇಲ್ಸ್‌ನವರು. ಸ್ಟೀಲ್ ಕತ್ತರಿಸುವವರು ಬೇರೆ, ಅವರ ಕಣ್ಣಿಗೆ ಬೀಳುವುದು ಡ್ರಾಯಿಂಗ್ ಮಾತ್ರ. ಮೇಲ್‌ನಲ್ಲಿ ಬರೆದ ‘ನೀಟಾಗಿರಲಿ’ ಅವರವರೆಗೆ ಹೋಗಿಯೇ ಇರುವುದಿಲ್ಲ. ಹೋಗಿದ್ದರೂ ಎಷ್ಟು ನೀಟು ಅಂತ ಅವರಾದರೂ ಹೇಗೆ ಅಳೆಯಬೇಕು?

ಹಾಗಾಗಿ ಅಳೆಯಲು ಬರುವ ಮಾತನ್ನು ಮಾತ್ರ ಬರೆಯಿರಿ, ಅದನ್ನೂ ಡ್ರಾಯಿಂಗ್ ಮೇಲೆಯೇ ಬರೆಯಿರಿ. ಫಿನಿಶ್‌ಗೆ ಎಸ್‌ಪಿಐ (ಅಮೆರಿಕದ ಪ್ಲಾಸ್ಟಿಕ್ ಉದ್ಯಮ ಸಂಘ) ಗ್ರೇಡ್‌ಗಳಿವೆ, ಎ-1 ರಿಂದ ಡಿ-3 ರವರೆಗೆ. ಎ ಅಂದರೆ ಡೈಮಂಡ್ ಪಾಲಿಶ್, ಬಿ ಎಮರಿ ಪೇಪರಿನದು, ಸಿ ಕಲ್ಲಿನದು, ಡಿ ಬ್ಲಾಸ್ಟಿಂಗ್. ‘ಎದುರುಭಾಗ ಎಸ್‌ಪಿಐ ಎ-3, ಒಳಭಾಗ ಸಿ-3’ ಅಂತ ಬರೆದರೆ ಯಾವ ದೇಶದ ಪಾಲಿಶ್ ಮಾಡುವವರಿಗೂ ಅರ್ಥವಾಗುತ್ತದೆ. ಟೆಕ್ಸ್ಚರ್ (ತರಿತರಿ ಮೇಲ್ಮೈ) ಬೇಕಿದ್ದರೆ ಟೆಕ್ಸ್ಚರ್ ಮಾದರಿಗಳ ಪಟ್ಟಿಗಳಾದ ವಿಡಿಐ 3400 ಅಥವಾ ಮೋಲ್ಡ್‌ಟೆಕ್‌ನ ನಂಬರ್ ಕೊಡಿ. ಇದನ್ನು ಶುರುವಿನಲ್ಲೇ ಹೇಳಬೇಕು. ಯಾಕೆಂದರೆ ಟೆಕ್ಸ್ಚರ್ ಆಳವಾದಷ್ಟೂ ಪಕ್ಕದ ಗೋಡೆಗಳಿಗೆ ಡ್ರಾಫ್ಟ್ (ಪಾರ್ಟ್ ಸಲೀಸಾಗಿ ಹೊರಬರಲು ಕೊಡುವ ಓರೆ) ಜಾಸ್ತಿ ಬೇಕು, 0.025 ಮಿ.ಮೀ. ಆಳಕ್ಕೆ ಹೆಚ್ಚುಕಮ್ಮಿ 1 ರಿಂದ 1.5 ಡಿಗ್ರಿ ಅನ್ನುವುದು ರೂಢಿಯ ಲೆಕ್ಕ. ಮೋಲ್ಡ್ ಆದಮೇಲೆ ಟೆಕ್ಸ್ಚರ್ ಕೇಳಿದರೆ ಪಾರ್ಟ್ ಹೊರಬರುವಾಗ ಉಜ್ಜಿಕೊಂಡು ಬಂದು ಗೆರೆ ಬೀಳುತ್ತದೆ.

ಎದುರುಭಾಗಕ್ಕೆ ಇನ್ನೂ ಸುಲಭದ ದಾರಿ ಇದೆ. ಪಾರ್ಟ್‌ನ ಚಿತ್ರ ತೆಗೆದು, ಗೇಟ್, ಎಜೆಕ್ಟರ್ ಪಿನ್ (ಪಾರ್ಟನ್ನು ಹೊರಗೆ ತಳ್ಳುವ ಕಡ್ಡಿ) ಮತ್ತು ಪಾರ್ಟಿಂಗ್ ಲೈನ್ (ಅಚ್ಚಿನ ಎರಡು ಭಾಗ ಕೂಡುವ ಗೆರೆ) ಬರಲೇಬಾರದ ಜಾಗಕ್ಕೆಲ್ಲ ಕೆಂಪು ಬಳಿದು ಕಳಿಸಿ. ಕೆಂಪು ಬಣ್ಣಕ್ಕೆ ಅನುವಾದ ಬೇಡ.

ಸ್ಟೀಲ್ ಕತ್ತರಿಸುವ ಮುಂಚೆ ಅವರು ಡಿಎಫ್‌ಎಂ (ಡಿಸೈನ್ ತಯಾರಿಕೆಗೆ ಸರಿಹೊಂದುತ್ತದಾ ಅನ್ನುವ) ರಿಪೋರ್ಟ್ ಅಂತ ಕಳಿಸುತ್ತಾರೆ. ಗೇಟ್ ಎಲ್ಲಿ, ಪಿನ್ ಎಲ್ಲಿ, ಡ್ರಾಫ್ಟ್ ಎಷ್ಟು, ಸಿಂಕ್ ಮಾರ್ಕ್ (ಮೇಲ್ಮೈ ಒಳಕ್ಕೆ ಕುಸಿದ ಗುಳಿ) ಎಲ್ಲಿ ಬೀಳಬಹುದು ಎಲ್ಲ ಅದರಲ್ಲಿರುತ್ತದೆ. ತುಂಬಾ ಜನ ಅದನ್ನು ಸುಮ್ನೆ ತಿರುವಿ ಹಾಕಿ ‘ಅಪ್ರೂವ್ಡ್’ ಅಂತ ಒಂದೇ ಸಾಲು ಬರೆದುಬಿಡುತ್ತಾರೆ, ಆಮೇಲೆ ಪಡುವ ಪಾಡಿನಲ್ಲಿ ಅರ್ಧಕ್ಕರ್ಧ ಹುಟ್ಟುವುದು ಅಲ್ಲೇ. ಒಂದೊಂದು ಪುಟಕ್ಕೂ ಬೇರೆ ಬೇರೆ ಉತ್ತರ ಬರೆಯಿರಿ. ‘ಹೌದು’ ಅಂತ ಹೇಳಿ ಮುಗಿಸಲು ಬರುವಂಥ ಪ್ರಶ್ನೆ ಕೇಳಲೇಬೇಡಿ. ‘ಗೇಟ್ ಸರಿ ಇದೆಯಾ?’ ಅಂದರೆ ‘ಹೌದು’ ಅಂತಲೇ ಬರುತ್ತದೆ. ‘ಗೇಟ್ ಯಾವ ಬಗೆಯದು? ಕತ್ತರಿಸಿದ ಮೇಲೆ ಎಷ್ಟು ಮಿ.ಮೀ. ಗುರುತು ಉಳಿಯುತ್ತದೆ? ಚಿತ್ರದಲ್ಲಿ ತೋರಿಸಿ’ ಅಂದರೆ ಅವರು ಡಿಸೈನರ್ ಹತ್ತಿರ ಹೋಗಿ ಕೇಳಲೇಬೇಕು. ನಿಮಗೆ ಬೇಕಾದ್ದೂ ಅದೇ ಅಲ್ವಾ?

ಈಗ ಬಂದಿರುವ ಸ್ಯಾಂಪಲ್ ವಿಷಯ. ಹೊಳಪು ಹೆಚ್ಚಿಸುವುದು ಕಷ್ಟವಲ್ಲ, ಸ್ಟೀಲ್ ಆ ಮಟ್ಟದ ಪಾಲಿಶ್ ತಡೆಯುತ್ತದಾ ಅಂತ ಮಾತ್ರ ಕೇಳಿ. ಗೇಟ್ ಬದಲಿಸುವುದು ದೊಡ್ಡ ಕೆಲಸ. ಹಳೆಯ ಬಾಯಿ ಮುಚ್ಚಬೇಕು, ಮುಚ್ಚಿದ ಜಾಗದ ಕಲೆ ಹೊಳಪಿನ ಮೇಲ್ಮೈಯಲ್ಲಿ ಕಾಣಲೂಬಹುದು. ಗೇಟಿನ ಜಾಗವನ್ನು ಡಿಎಫ್‌ಎಂನಲ್ಲಿ ನೀವೇ ಒಪ್ಪಿದ್ದರೆ ಖರ್ಚು ಅವರ ತಲೆಗೆ ಕಟ್ಟಲು ಹೋಗಬೇಡಿ, ಅದು ನ್ಯಾಯವಲ್ಲ. ಆ ಜಾಗಕ್ಕೆ ಸ್ಟಿಕರ್ ಅಥವಾ ಲೋಗೋ ಬರುವಂತೆ ಮಾಡಲು ಆಗುತ್ತದಾ ಅಂತ ಮೊದಲು ನೋಡಿ.

ಪ್ರಶ್ನೆ: ಟಿ1 (ಮೊದಲ ಟ್ರಯಲ್) ಸ್ಯಾಂಪಲ್‌ನಲ್ಲಿ ನಾಲ್ಕಾರು ಅಳತೆ ತಪ್ಪಿವೆ, ಸಿಂಕ್ ಮಾರ್ಕ್ ಕೂಡ ಇದೆ. ಚಾಟ್‌ನಲ್ಲಿ ಫೋಟೋ ಹಾಕಿ ಹೇಳಿದ್ದಾಯ್ತು. ಒಂದು ಸರಿ ಮಾಡಿದರೆ ಇನ್ನೊಂದು ಹಾಗೇ ಉಳಿಯುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಚಾಟ್‌ನಿಂದ ಹೊರಗೆ ಬನ್ನಿ. ಒಂದೇ ಒಂದು ಎಕ್ಸೆಲ್ ಶೀಟ್ ಮಾಡಿ. ಒಂದು ತೊಂದರೆಗೆ ಒಂದು ಸಾಲು, ಒಂದು ನಂಬರ್. ಫೋಟೋ, ಡ್ರಾಯಿಂಗ್‌ನಲ್ಲಿರುವ ಅಳತೆ, ಸಿಕ್ಕಿರುವ ಅಳತೆ, ಏನಾಗಬೇಕು, ಯಾರು ಮಾಡಬೇಕು, ಯಾವಾಗ. 7ನೇ ನಂಬರ್ ತೊಂದರೆ ಮುಗಿಯುವವರೆಗೂ 7ನೇ ನಂಬರೇ ಆಗಿರಲಿ, ಮುಗಿದ ಮೇಲೂ ಅಳಿಸಬೇಡಿ.

ಸಿಂಕ್ ಮಾರ್ಕ್ ಕಂಡ ಕೂಡಲೇ ‘ಮೋಲ್ಡ್ ತಿದ್ದಿ’ ಅಂತ ಬರೆಯಬೇಡಿ. ಹೋಲ್ಡ್ ಪ್ರೆಷರ್ (ಅಚ್ಚು ತುಂಬಿದ ಮೇಲೆ ಹಿಡಿದಿಡುವ ಒತ್ತಡ) ಕಡಿಮೆಯಾಗಿದ್ದರೂ ಸಿಂಕ್ ಬರುತ್ತದೆ, ರಿಬ್ (ಗಟ್ಟಿತನಕ್ಕೆ ಒಳಗೆ ಕೊಡುವ ಪಟ್ಟಿ) ದಪ್ಪವಾಗಿದ್ದರೂ ಬರುತ್ತದೆ. ಒಂದಕ್ಕೆ ಮೆಷಿನ್ ಸೆಟ್ಟಿಂಗ್ ಸಾಕು, ಇನ್ನೊಂದಕ್ಕೆ ಡಿಸೈನನ್ನೇ ಬದಲಿಸಬೇಕು. ಸ್ಯಾಂಪಲ್ ಜೊತೆಗೆ ಪ್ರೋಸೆಸ್ ಶೀಟ್ ಕೇಳಿ. ಕರಗಿದ ಪ್ಲಾಸ್ಟಿಕ್‌ನ ಬಿಸಿ, ಮೋಲ್ಡ್‌ನ ಬಿಸಿ, ಹೋಲ್ಡ್ ಪ್ರೆಷರ್ ಎಷ್ಟು, ಎಷ್ಟು ಸೆಕೆಂಡ್, ಕೂಲಿಂಗ್ ಟೈಮ್, ಯಾವ ಗ್ರೇಡ್ ಮೆಟೀರಿಯಲ್.

ಮೆಟೀರಿಯಲ್ ಅನ್ನುವುದನ್ನು ಒತ್ತಿ ಹೇಳುತ್ತೇನೆ. ಎಬಿಎಸ್ ತಣ್ಣಗಾಗುವಾಗ 0.4 ರಿಂದ 0.7 ಶೇಕಡಾ ಕುಗ್ಗುತ್ತದೆ, ಪಿಪಿ (ಪಾಲಿಪ್ರೊಪಿಲೀನ್) 1 ರಿಂದ 2.5 ಶೇಕಡಾ. 100 ಮಿ.ಮೀ. ಪಾರ್ಟ್‌ನಲ್ಲಿ ಇದು ಒಂದು ಮಿ.ಮೀ.ಗೂ ಜಾಸ್ತಿ ವ್ಯತ್ಯಾಸವಾಗಬಹುದು. ‘ಸದ್ಯಕ್ಕೆ ಸಿಕ್ಕಿದ್ದರಲ್ಲಿ ಹೊಡೆದಿದ್ದೇವೆ’ ಅನ್ನುವ ಸ್ಯಾಂಪಲ್ ಇಟ್ಟುಕೊಂಡು ಅಳತೆಯ ಜಗಳ ಮಾಡಿದರೆ ಇಬ್ಬರ ಟೈಮೂ ಹಾಳು. ಇನ್ನೊಂದು, ಪಾರ್ಟ್ ಮೆಷಿನ್‌ನಿಂದ ಬಿದ್ದ ಕೂಡಲೇ ಅವರು ಅಳೆದು, ವಾರ ಕಳೆದ ಮೇಲೆ ನೀವು ಅಳೆದರೆ ಲೆಕ್ಕ ಕೂಡುವುದಿಲ್ಲ. ಎಷ್ಟು ಗಂಟೆ ಬಿಟ್ಟು, ಎಷ್ಟು ಡಿಗ್ರಿ ಬಿಸಿಯಲ್ಲಿ ಅಳೆಯಬೇಕು ಅನ್ನುವುದನ್ನೂ ಮೊದಲೇ ಬರೆದು ಒಪ್ಪಿಸಿ.

ಮುಂದಿನ ಮೋಲ್ಡ್‌ಗೆ ಒಂದು ಮಾತು. ಸ್ಟೀಲ್ ತೆಗೆಯುವುದು ಸುಲಭ, ಸೇರಿಸುವುದು ಕಷ್ಟ, ವೆಲ್ಡಿಂಗ್ ಮಾಡಬೇಕು ಇಲ್ಲ ಇನ್ಸರ್ಟ್ (ಬೇರೆ ಸ್ಟೀಲ್ ತುಂಡು) ಹಾಕಬೇಕು. ಸ್ಟೀಲ್ ತೆಗೆದ ಜಾಗದಲ್ಲಿ ಪ್ಲಾಸ್ಟಿಕ್ ತುಂಬಿಕೊಳ್ಳುತ್ತದೆ. ಹಾಗಾಗಿ ಒಂದಕ್ಕೊಂದು ಸಿಕ್ಕಿಕೊಳ್ಳಬೇಕಾದ ಕ್ಲಿಪ್ ಇದ್ದರೆ, ಮೊದಲ ಟ್ರಯಲ್‌ನಲ್ಲಿ ಸಡಿಲವಾಗಿಯೇ ಇರಲಿ, ಆಮೇಲೆ ಸ್ಟೀಲ್ ತೆಗೆದು ಬಿಗಿ ಮಾಡೋಣ ಅಂತ ಆ ಅಳತೆಯ ಪಕ್ಕದಲ್ಲೇ ‘ಸ್ಟೀಲ್ ಸೇಫ್’ ಅಂತ ಬರೆಯಿರಿ. ಎಲ್ಲ ಅಳತೆಗೂ ಇದು ಬೇಡ. ಜೋಡಣೆಗೆ ಮುಖ್ಯವಾದವಕ್ಕೆ ಮಾತ್ರ ಗುರುತು ಹಾಕಿ. ಎಲ್ಲವೂ ಮುಖ್ಯ ಅಂದರೆ ಅವರಿಗೆ ಯಾವುದೂ ಮುಖ್ಯವಾಗಿ ಕಾಣುವುದಿಲ್ಲ.

ಪ್ರಶ್ನೆ: ಮೋಲ್ಡ್ ಮುಗಿದ ಮೇಲೆ ತರಿಸಿಕೊಂಡು ನಮ್ಮ ಮೆಷಿನ್‌ನಲ್ಲೇ ಓಡಿಸುತ್ತೇವೆ. ಏನು ಹೇಳಿರಬೇಕು?

ಉತ್ತರ: ಮೆಷಿನ್‌ನ ಪೂರ್ತಿ ವಿವರವನ್ನು ಆರ್ಡರ್ ಜೊತೆಗೇ ಕಳಿಸಿ. ಟೈಬಾರ್‌ಗಳ ನಡುವಿನ ಅಂತರ, ಹಿಡಿಯುವ ಮೋಲ್ಡ್‌ನ ಕನಿಷ್ಠ ಗರಿಷ್ಠ ದಪ್ಪ, ಲೊಕೇಟಿಂಗ್ ರಿಂಗ್‌ನ ವ್ಯಾಸ, ನಾಝಲ್ ತುದಿಯ ರೇಡಿಯಸ್, ಎಜೆಕ್ಟರ್ ರಾಡ್‌ಗಳ ಜಾಗ. ನೀರಿನ ಪೈಪಿನ ಥ್ರೆಡ್ ಎನ್‌ಪಿಟಿಯೋ (ಅಮೆರಿಕದ್ದು) ಬಿಎಸ್‌ಪಿಯೋ (ಬ್ರಿಟಿಷ್) ಅನ್ನುವುದನ್ನು ಮರೆಯಬೇಡಿ, ಎರಡೂ ನೋಡಲು ಒಂದೇ ಥರ, ಕೂರಿಸಿದರೆ ಸೋರುತ್ತದೆ. ಹಾಟ್ ರನ್ನರ್ (ಪ್ಲಾಸ್ಟಿಕ್ ಹರಿಯುವ ದಾರಿಯನ್ನು ಬಿಸಿಯಾಗಿಡುವ ವ್ಯವಸ್ಥೆ) ಇದ್ದರೆ ಅದರ ವೋಲ್ಟೇಜ್, ಕನೆಕ್ಟರ್.

ಸ್ಟೀಲಿಗೆ ದೇಶಕ್ಕೊಂದು ಹೆಸರು. ಎಚ್13 ಅನ್ನುವುದನ್ನೇ ಜಪಾನಿನವರು ಎಸ್‌ಕೆಡಿ61 ಅನ್ನುತ್ತಾರೆ, ಜರ್ಮನ್ ನಂಬರ್ 1.2344. ಅವರು ಕೊಟ್ಟ ಹೆಸರಿಗೆ ಸಮನಾದದ್ದು ಯಾವುದು ಅಂತ ಬರೆಸಿಕೊಂಡು ಸ್ಟೀಲ್ ಸರ್ಟಿಫಿಕೇಟ್ ಕೇಳಿ. ‘ಬಾಳಿಕೆ ಬರಬೇಕು’ ಅನ್ನುವ ಬದಲು ಎಸ್‌ಪಿಐ ಕ್ಲಾಸ್ ಹೇಳಿ. 101 ಅಂದರೆ 10 ಲಕ್ಷ ಶಾಟ್‌ಗೂ (ಅಚ್ಚು ಒಂದು ಸಲ ತುಂಬಿದರೆ ಒಂದು ಶಾಟ್) ಮೇಲೆ, 103 ಅಂದರೆ 5 ಲಕ್ಷದೊಳಗೆ, 104 ಅಂದರೆ 1 ಲಕ್ಷದೊಳಗೆ. ಮೋಲ್ಡ್‌ನ ಕೊನೆಯ 3ಡಿ ಫೈಲ್ ನಿಮಗೆ ಸೇರಬೇಕು ಅಂತಲೂ ಆರ್ಡರ್‌ನಲ್ಲಿ ಇರಲಿ. ಹಣ ಪೂರ್ತಿ ಸಂದ ಮೇಲೆ ಕೇಳಿದರೆ ತಡವಾಗುತ್ತದೆ.

ಪ್ರಶ್ನೆ: ವಿಡಿಯೋ ಕಾಲ್ ಒಳ್ಳೆಯದಾ, ಮೇಲ್ ಒಳ್ಳೆಯದಾ?

ಉತ್ತರ: ಮೋಲ್ಡ್ ಹತ್ತಿರ ಫೋನ್ ಹಿಡಿದು ತೋರಿಸಲು ಕಾಲ್ ಒಳ್ಳೆಯದು. ಒಪ್ಪಿದ್ದನ್ನೆಲ್ಲ ಅವತ್ತೇ ಮೇಲ್‌ನಲ್ಲಿ ಬರೆದು ಕಳಿಸಿ. ತಾರೀಕನ್ನು 03/04 ಅಂತ ಬರೆಯಬೇಡಿ, ಕೆಲವರಿಗೆ ಅದು ಏಪ್ರಿಲ್, ಕೆಲವರಿಗೆ ಮಾರ್ಚ್. ತಿಂಗಳ ಹೆಸರನ್ನೇ ಬರೆಯಿರಿ. ಡ್ರಾಯಿಂಗ್ ಫಸ್ಟ್ ಆ್ಯಂಗಲ್ಲೋ ಥರ್ಡ್ ಆ್ಯಂಗಲ್ಲೋ (ಬೇರೆ ಬೇರೆ ಬದಿಯ ನೋಟಗಳನ್ನು ಜೋಡಿಸುವ ಎರಡು ಪದ್ಧತಿ) ಅನ್ನುವ ಚಿಹ್ನೆ ಇರಲೇಬೇಕು, ಇಲ್ಲದಿದ್ದರೆ ಎಡದ ಪಾರ್ಟ್ ಬಲದ್ದಾಗಿ ಬಂದೀತು. ಫೈಲ್ ಹೆಸರಿನಲ್ಲಿ ರಿವಿಷನ್ ನಂಬರ್ ಹಾಕಿ. ಹೊಸದು ಕಳಿಸಿದಾಗ ‘ಹಳೆಯದನ್ನು ಬಳಸಬೇಡಿ’ ಅಂತ ಬರೆದು, ಈಗ ಮೆಷಿನ್‌ನಲ್ಲಿರುವುದು ಯಾವ ರಿವಿಷನ್ ಅಂತ ಅವರಿಂದ ಬರೆಸಿಕೊಳ್ಳಿ.