ರಿಪೋರ್ಟಿನಲ್ಲಿ ‘ಸೈಟಾಯ್ಡ್ ಬಾಡೀಸ್’ ಅಂತ ಇದ್ದರೆ ಹೆದರಬೇಕಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಕ್ಕನ ಮುಂಗೈ ಮೇಲೆ ನೇರಳೆ ಬಣ್ಣದ ಚಪ್ಪಟೆ ಗುಳ್ಳೆಗಳು ಎದ್ದಿವೆ, ವಿಪರೀತ ತುರಿಕೆ. ಶಿವಮೊಗ್ಗದಲ್ಲಿ ಬಯಾಪ್ಸಿ ಮಾಡಿಸಿದೆವು. ‘ಲೈಕೆನ್ ಪ್ಲಾನಸ್, ಸೈಟಾಯ್ಡ್ ಬಾಡೀಸ್ ಕಂಡಿವೆ’ ಎಂದು ಬರೆದಿದ್ದಾರೆ. ಇವು ಕ್ಯಾನ್ಸರ್ ಕೋಶಗಳಾ? ಅಕ್ಕ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.

ಉತ್ತರ: ಮೊದಲು ಅಕ್ಕನಿಗೆ ಊಟ ಬಡಿಸಿ. ಸೈಟಾಯ್ಡ್ ಬಾಡೀಸ್ ಕ್ಯಾನ್ಸರ್ ಕೋಶಗಳಲ್ಲ.

ಗ್ರೀಕ್ ಮೂಲದ ‘ಸೈಟೋ’ ಅಂದರೆ ಕೋಶ. ಕೊನೆಯ ‘ಆಯ್ಡ್’ ಅಂದರೆ ‘ಅದರ ಹಾಗೆ ಕಾಣುವುದು’. ಥೈರಾಯ್ಡ್ ಹೆಸರಿನಲ್ಲೂ ಅದೇ ಇದೆ: ಗುರಾಣಿಯ ಹಾಗಿರುವುದು. ಹಾಗಾಗಿ ಸೈಟಾಯ್ಡ್ ಅಂದರೆ ಕೋಶದ ಹಾಗೆ ಕಾಣುತ್ತದೆ, ಈಗ ಕೋಶ ಅಲ್ಲ ಅಂತ.

ಲೈಕೆನ್ ಪ್ಲಾನಸ್‌ನಲ್ಲಿ ದೇಹದ ರಕ್ಷಣಾ ಕೋಶಗಳು ನಮ್ಮದೇ ಚರ್ಮದ ಮೇಲ್ಪದರದ ತಳಭಾಗಕ್ಕೆ ಹಾನಿ ಮಾಡುತ್ತವೆ. ಅಲ್ಲಿನ ಕೆಲವು ಕೋಶಗಳು ಸತ್ತು, ಕುಗ್ಗಿ, ಗುಂಡಗಾಗುತ್ತವೆ. ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗುಲಾಬಿ ಉಂಡೆಗಳು. ಇವನ್ನೇ ಕೊಲಾಯ್ಡ್ ಬಾಡೀಸ್, ಸಿವಾಟ್ ಬಾಡೀಸ್ ಅಂತಲೂ ಬರೆಯುತ್ತಾರೆ. ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೇ ತಿರುಗಿಬೀಳುವ ಲೂಪಸ್ ಎಂಬ ಕಾಯಿಲೆಯಲ್ಲಿ, ಕೆಲವು ಔಷಧಿಗಳ ಅಲರ್ಜಿಯಲ್ಲೂ ಕಾಣುತ್ತವೆ. ಅಂದರೆ ಇದು ಕಾಯಿಲೆಯ ಹೆಸರಲ್ಲ, ಒಂದು ಸುಳಿವು. ಕಾಯಿಲೆಯ ಹೆಸರು ಲೈಕೆನ್ ಪ್ಲಾನಸ್. ಲೈಕೆನ್ ನಿಮಗೆ ಹೊಸದೇನಲ್ಲ. ತೋಟದ ಅಡಿಕೆ ಮರದ ಮೈಮೇಲೆ ಬೂದು-ಬಿಳಿ ಪಟ್ಟೆ ಹಿಡಿದಿರುತ್ತದಲ್ವಾ, ಅದೇ. ಸಾಂಬಾರಿಗೆ ಹಾಕುವ ಕಲ್ಲುಹೂವೂ ಅದೇ ಜಾತಿ. ಗುಳ್ಳೆಗಳು ನೋಡಲು ಹಾಗಿವೆ ಅಂತ ಇಟ್ಟ ಹೆಸರು ಅಷ್ಟೇ, ತೋಟದಿಂದ ಅಂಟಿದ್ದಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ.

ಮೊಬೈಲಿನಲ್ಲಿ ಹುಡುಕಿದರೆ ಕಣ್ಣಿನ ವಿಷಯ ಬರಬಹುದು, ಗಾಬರಿಯಾಗಬೇಡಿ. ಸಕ್ಕರೆ ಕಾಯಿಲೆ, ಜಾಸ್ತಿ ಬಿಪಿ ಇದ್ದವರ ರೆಟಿನಾದಲ್ಲಿ (ಕಣ್ಣಿನ ಒಳಗೆ ಹಿಂಭಾಗದಲ್ಲಿರುವ ಪರದೆ) ರಕ್ತ ಸರಿಯಾಗಿ ಹರಿಯದೆ ನರದ ಎಳೆಗಳು ಊದಿಕೊಳ್ಳುತ್ತವೆ. ಆ ಊದಿದ ತುದಿಗಳೂ ಮೈಕ್ರೋಸ್ಕೋಪಿನಲ್ಲಿ ಕೋಶದ ಹಾಗೇ ಕಾಣುವುದರಿಂದ ಅವಕ್ಕೂ ಇದೇ ಹೆಸರು. ಕಣ್ಣಿನ ಡಾಕ್ಟರಿಗೆ ಅಲ್ಲಿ ಹತ್ತಿಯ ತುಣುಕಿನಂಥ ಬಿಳಿ ಚುಕ್ಕೆ ಕಾಣುತ್ತದೆ. ಅಕ್ಕನ ಚರ್ಮಕ್ಕೂ ಇದಕ್ಕೂ ಸಂಬಂಧವಿಲ್ಲ.

ರಿಪೋರ್ಟ್ ತೋರಿಸಲು ಹೋಗುವಾಗ ಅಕ್ಕ ನುಂಗುವ ಮಾತ್ರೆಗಳನ್ನೆಲ್ಲ ತೆಗೆದುಕೊಂಡು ಹೋಗಿ. ಕೆಲವು ಬಿಪಿ ಮಾತ್ರೆಗಳಿಂದಲೂ ಇಂಥದೇ ಗುಳ್ಳೆ ಏಳುವುದುಂಟು. ಕೆನ್ನೆಯ ಒಳಗೆ ಬಿಳಿ ಗೆರೆಗಳ ಬಲೆ ಇದೆಯಾ ಅಂತ ಬಾಯನ್ನೂ ತೋರಿಸಿ. ಬಾಯಿಯ ಲೈಕೆನ್ ಪ್ಲಾನಸ್ ಇದ್ದರೆ ಆಗಾಗ ತಪಾಸಣೆ ಬೇಕು. ಅಕ್ಕ ಕವಳ (ಎಲೆ-ಅಡಿಕೆ) ಹಾಕುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.